ಕೊನೆಯ ಪೊಟ್ಟಣದ ಬೀಜ

ತಿಳವಳ್ಳಿ ಶಾಲೆಯ ರಾಘಣ್ಣ ಮಾಸ್ತರರಿಗೆ ತಲೆ ಕೆಟ್ಟಿದೆಯೆಂದು ಊರು ತೀರ್ಮಾನಿಸಿದ್ದು ೧೯೩೬ರಲ್ಲಿ. ಅಜ್ಜ ವೇದಾಂತ ಪಾಠ ಹೇಳಿದವರು. ಮೊಮ್ಮಗ ನೋಡಿದರೆ ಧೋತರ ಮೊಣಕಾಲಿಗೆ ಎತ್ತಿಕಟ್ಟಿ ಕೆರೆಯ ಕಲ್ಲು ಮಗುಚುತ್ತಾನೆ, ಅದರ ಅಡಿಗೆ ಅಂಟಿದ ಲೋಳೆಯನ್ನು ಕೆರೆದು ಮನೆಗೆ ತರುತ್ತಾನೆ. ಆದರೆ ಧಾರವಾಡದಲ್ಲಿ ಕೊಂಡ ಹಳೆಯ ಸೂಕ್ಷ್ಮದರ್ಶಕದಡಿ ಇಟ್ಟಾಗ ಅದು ಬರೀ ಲೋಳೆಯಾಗಿರಲಿಲ್ಲ. ಹತ್ತಾರು ಸಣ್ಣ ಜೀವಗಳು ಒಂದೇ ಅಂಟಿನಲ್ಲಿ ಕೂತು, ಬೆರಳಿನಂಥ ಎಳೆಗಳನ್ನು ಚಾಚಿ ನೀರಿನಲ್ಲಿದ್ದದ್ದನ್ನು ಬಾಚಿ ತಿನ್ನುತ್ತಿದ್ದವು. ಥೇಟ್ ಒಟ್ಟು ಕುಟುಂಬ.

ವಂಶ ಬೆಳೆಸಲು ಆ ಕುಟುಂಬಕ್ಕೆ ಒಂದೇ ದಾರಿಯಲ್ಲ. ನೀರು ತುಂಬಿರುವಾಗ ಮೈಯಿಂದಲೇ ಇನ್ನೊಂದು ಜೀವ ಚಿಗುರುತ್ತದೆ. ಕುಟುಂಬ ದೊಡ್ಡದಾದರೆ ಪಾಲಾಗಿ ಎರಡಾಗುತ್ತದೆ, ವಕೀಲರ ಗೊಡವೆಯಿಲ್ಲ. ವರ್ಷದಲ್ಲಿ ಕೆಲವೇ ದಿನ ಗಂಡು ಹೆಣ್ಣಿನ ಅಂಶ ಕೂಡಿ ಮೊಟ್ಟೆಯೂ ಆಗುತ್ತದೆ. ಕೆಟ್ಟ ಕಾಲಕ್ಕೆಂದು ಮೈಯೊಳಗೇ ಎಳ್ಳಿಗಿಂತ ಸಣ್ಣ ಕಂದು ಬೀಜ ಕಟ್ಟಿಡುತ್ತದೆ. ಕೆರೆ ಬತ್ತಿದರೆ ಕುಟುಂಬವೆಲ್ಲ ಸಾಯುತ್ತದೆ, ಬೀಜ ಒಣಮಣ್ಣಿನಲ್ಲಿ ಕಾದಿರುತ್ತದೆ.

ಧಾರವಾಡದ ಕಾಲೇಜೊಂದರ ಪ್ರೊಫೆಸರು, ಇದೇ ಕುಲದ ಸಮುದ್ರವಾಸಿಗಳು ಇಂಥ ಬೀಜ ಕಟ್ಟುವುದಿಲ್ಲವೆಂದು ಪತ್ರದಲ್ಲಿ ತಿಳಿಸಿದರು. ಮಾಸ್ತರರು ಅದನ್ನೇ ವಾರವೆಲ್ಲ ಯೋಚಿಸಿದರು. ಸಮುದ್ರ ಬತ್ತುವುದಿಲ್ಲ, ಅಲ್ಲಿ ಬೀಜ ಯಾರಿಗೆ ಬೇಕು? ಕೆರೆಯಲ್ಲಿ ಬೀಜ ಕಟ್ಟಲಾರದವು ಯಾವುದೋ ಹಳೆಯ ಬೇಸಿಗೆಯಲ್ಲಿ ನಿರ್ವಂಶವಾಗಿರಬೇಕು. ಕಟ್ಟಬಲ್ಲವುಗಳ ಸಂತತಿ ಮಾತ್ರ ಲಕ್ಷ ಬೇಸಿಗೆ ದಾಟಿ ಬಂದಿದೆ. ಹಾಗಾದರೆ ಬೀಜ ಎಷ್ಟು ವರ್ಷ ತಡೆದೀತು ಎಂದು ಮತ್ತೆ ಪತ್ರ ಬರೆದು ಕೇಳಿದರು. 'ಆರು ವರ್ಷ ಒಣಗಿದ್ದು ಎದ್ದರೆ ನಾನೇ ಬಂದು ನೋಡುತ್ತೇನೆ, ನಿಮ್ಮ ಹೆಸರಿನಲ್ಲೇ ಅಚ್ಚು ಹಾಕಿಸುತ್ತೇನೆ' ಎಂದು ಉತ್ತರ ಬಂತು. ಮಾಸ್ತರರ ಜೀವಮಾನದ ಆಸೆಯೆಲ್ಲ ಆ ಒಂದು ಸಾಲಿಗೆ ಜೋತುಬಿತ್ತು.

೧೯೩೮ರ ಬೇಸಿಗೆಯಲ್ಲಿ ಕೆರೆ ಬತ್ತಿತು. ಮಾಸ್ತರರು ಬಿರುಕುಬಿಟ್ಟ ಕೆರೆಯಂಗಳದಲ್ಲಿ ಕೂತು ಬೀಜ ಆರಿಸಿದರು. ಮನೆಯಲ್ಲಿ ಐದು ವರ್ಷದ ಮಗಳು ಪದ್ದಿಗೆ ಮೂರು ದಿನದಿಂದ ಜ್ವರ. ಎರಡು ಮಕ್ಕಳನ್ನು ಆಗಲೇ ಕಳೆದುಕೊಂಡಿದ್ದ ಹೆಂಡತಿ ವಿಮಲಾಬಾಯಿ, "ಇವತ್ತೊಂದಿನ ಮನ್ಯಾಗಿರ್ರಿ" ಎಂದು ಬೇಡಿಕೊಂಡಿದ್ದರು. "ಈಗ ಹೋಗಿ ಈಗ ಬರ್ತೇನಿ" ಎಂದು ಹೋದವರನ್ನು ತೂಬು ಕಾಯುವ ಬಂದೇಸಾಬ ಓಡಿಬಂದು ಕರೆಯುವಷ್ಟರಲ್ಲಿ ಮಗು ಕಣ್ಣು ಮುಚ್ಚಿತ್ತು. ಮಾಸ್ತರರ ಮುಷ್ಟಿಯಲ್ಲಿ ಇನ್ನೂ ಬೀಜವಿತ್ತು. ಈ ಮನುಷ್ಯನನ್ನು ನಾನು ಸಮರ್ಥಿಸುವುದಿಲ್ಲ.

ಆ ಬೀಜಗಳನ್ನು ಆರು ಪೊಟ್ಟಣ ಕಟ್ಟಿ, ಮರುವರ್ಷದಿಂದ ಮಳೆಗಾಲಕ್ಕೊಂದರಂತೆ ನೆನೆಹಾಕುವ ಲೆಕ್ಕ. ಮೊದಲನೆಯದರ ಅರ್ಧವನ್ನು ತಾಮ್ರದ ತಂಬಿಗೆಯಲ್ಲಿ ಹಾಕಿದರು. ಎದ್ದ ಜೀವಗಳು ಒಂದೇ ದಿನದಲ್ಲಿ ಸತ್ತವು. ಉಳಿದರ್ಧದಲ್ಲಿ, ಮಣ್ಣಿನ ಗಡಿಗೆಯಲ್ಲಿ ಎದ್ದವು ಬದುಕಿದವು. ಕುಡಿಯುವವರಿಗೆ ಒಳ್ಳೆಯದಾದ ತಾಮ್ರದ ನೀರು ಈ ಬಡಪಾಯಿಗಳಿಗೆ ವಿಷ. ಅಂದಿನಿಂದ ಬಂದೇಸಾಬನೇ ವರ್ಷಕ್ಕೊಂದು ಹೊಸ ಗಡಿಗೆ ತಂದುಕೊಡುತ್ತಿದ್ದ. ಹೆಂಡತಿಗೆ ಮಾತ್ರ ಮಾಸ್ತರರು ಕಾರಣ ಹೇಳಲಿಲ್ಲ. ದೇವರ ಮೀಸಲು ನೀರನ್ನು ತಾಮ್ರದಲ್ಲೇ ಇಡುವ ಹೆಂಗಸಿಗೆ ತಾಮ್ರ ವಿಷ ಎಂದು ಹೇಳುವ ಧೈರ್ಯ ಅವರಿಗಿರಲಿಲ್ಲ. ಹೇಳುವ ಪ್ರಸಂಗವೂ ಬರಲಿಲ್ಲ. ಪದ್ದಿ ಹೋದ ಮೇಲೆ ವಿಮಲಾಬಾಯಿ ಆ ಗಡಿಗೆಯತ್ತ ಕಣ್ಣೆತ್ತಿ ನೋಡಿದವರಲ್ಲ.

೧೯೪೪ರ ಮಳೆಗಾಲ. ಕೊನೆಯ ಪೊಟ್ಟಣದಲ್ಲಿ ನಲವತ್ತು ಬೀಜ. ಹನ್ನೊಂದನೆಯ ದಿನ ಮುಂಜಾನೆ ಮೂರು ಬೀಜಗಳ ಚಿಪ್ಪು ತೆರೆದಿತ್ತು. ಮಾಸ್ತರರು ಕೂಗಿಬಿಟ್ಟರು. ಏನಾಯಿತೋ ಎಂದು ವಿಮಲಾಬಾಯಿ ಒಲೆ ಬಿಟ್ಟು ಓಡಿಬಂದರು. ಆರು ವರ್ಷದಲ್ಲಿ ಮೊದಲ ಸಲ ಬಗ್ಗಿ ಆ ಗಾಜಿನಲ್ಲಿ ಕಣ್ಣಿಟ್ಟರು.

"ಕೂಸಿನ ಬೆರಳಿದ್ದಂಗ ಅವ ಅಲ್ರೀ" ಎಂದರು ಆಮೇಲೆ. "ಅದ ಬ್ಯಾಸಿಗಿವೇನು?"

"ಹೌದು. ಅವತ್ತಿನವ."

"ಅಂಥವನ್ನ ಮಣ್ಣಿನ ಗಡಿಗ್ಯಾಗ ಯಾಕ ಇಟ್ಟೀರಿ?"

ಆಗಲೇ ಹೇಳಬೇಕಿತ್ತು. ಹಾನಗಲ್ಲಿಗೆ ಹೋಗುವ ಇದ್ದಿಲ ಗ್ಯಾಸಿನ ಬಸ್ಸು ಹೊರಡುವುದರಲ್ಲಿತ್ತು, ಪ್ರೊಫೆಸರಿಗೆ ತಾರು ಕೊಡುವ ಅವಸರ. "ಬಂದ ಮ್ಯಾಲ ಹೇಳ್ತೇನಿ" ಎಂದು ಮಾಸ್ತರರು ಹೊರಟೇಬಿಟ್ಟರು. ಅವರ ಹಣೆಬರಹವೇ ಅದು, ಮನೆಯಲ್ಲಿರಬೇಕಾದ ದಿನ ಹೊರಗಿರುವುದು.

ಹಾನಗಲ್ಲಿನಲ್ಲೇ ಕಾದಿದ್ದು, ಮರುದಿನ ಮಧ್ಯಾಹ್ನ ಪ್ರೊಫೆಸರನ್ನು ಕರೆದುಕೊಂಡೇ ಬಂದರು. ವಿಮಲಾಬಾಯಿ ಮಡಿ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದರು. ಮುಖದಲ್ಲಿ ಎಷ್ಟೋ ವರ್ಷ ಕಾಣದ ಕಳೆ.

"ನಿನ್ನೆನ ಹೊಸ ಮೀಸಲ ನೀರು ತಂದು, ದೇವರ ತಂಬಿಗ್ಯಾಗ ಹಾಕಿಟ್ಟೇನ್ರಿ. ಒಂದೂ ಚೆಲ್ಲಲಿಲ್ಲ" ಎಂದರು.

ಪ್ರೊಫೆಸರು ತಂಬಿಗೆಯ ನೀರನ್ನು ಹನಿ ಹನಿಯಾಗಿ ಗಾಜಿನ ಮೇಲಿಟ್ಟು ನೋಡಿದರು. ಬೆರಳುಗಳಿರಲಿಲ್ಲ. ಮುದ್ದೆಯಾದ ಬಿಳಿಯ ಚೂರು, ತೆರೆದ ಚಿಪ್ಪು, ಅಷ್ಟೇ.

"ಚಿಪ್ಪು ನೀರು ಕುಡಿದು ಉಬ್ಬಿದರೂ ತೆರೀತದ ಮಾಸ್ತರ. ಜೀವ ಇದ್ದದ್ದು ಯಾರು ನೋಡ್ಯಾರ? ಮೊದಲಿಂದನೂ ಇದ ಪಾತ್ರೆಯೊಳಗ ಇದ್ದವೇನು?"

ವಿಮಲಾಬಾಯಿ ಬಾಯಿ ತೆರೆದರು. ಮಾಸ್ತರರು ಅದಕ್ಕೂ ಮೊದಲೇ, "ಎದ್ದಿರಲಿಲ್ರಿ. ನನ್ನ ಕಣ್ಣಿನ ದೋಷ" ಎಂದರು.

ಪ್ರೊಫೆಸರು ಕೈ ತೊಳೆದುಕೊಂಡು, ಇಷ್ಟು ದೂರ ಕರೆಸಿದ್ದಕ್ಕೆ ಮುಖ ಗಂಟಿಕ್ಕಿಕೊಂಡೇ ಬಸ್ಸು ಹತ್ತಿದರು. ಮತ್ತೆ ಅವರಿಂದ ಪತ್ರ ಬರಲಿಲ್ಲ.

"ನಾನೂ ಕಣ್ಣಾರೆ ನೋಡಿದ್ದೆ. ಸುಳ್ಳು ಯಾಕ ಹೇಳಿದ್ರಿ?" ಎಂದು ವಿಮಲಾಬಾಯಿ ಕೇಳಿದರು. "ನನ್ನ ಕೈಲೆ ಏನರ ತಪ್ಪಾತೇನು?"

"ಏನೂ ಇಲ್ಲ. ಅವುಗಳ ಆಯುಷ್ಯ ಅಷ್ಟ ಇತ್ತು."

ವಿಮಲಾಬಾಯಿ ಮತ್ತೆ ಕೇಳಲಿಲ್ಲ. ಮಾಸ್ತರರೂ ಮತ್ತೆ ಕೆರೆಗೆ ಇಳಿಯಲಿಲ್ಲ. ಸೂಕ್ಷ್ಮದರ್ಶಕ ಅಟ್ಟ ಸೇರಿತು. ಹೆಂಡತಿಗೆ ನಿಜ ಗೊತ್ತಾಗದಂತೆ ನೋಡಿಕೊಂಡೆನಲ್ಲ ಎಂಬ ಒಂದು ಸಮಾಧಾನ ಮಾತ್ರ ಅವರಿಗಿತ್ತು. ಮೂರು ವರ್ಷ ಅದರ ಮೇಲೆಯೇ ಬದುಕಿದರು.

೧೯೪೭ರ ಚಳಿಗಾಲದಲ್ಲಿ ವಿಮಲಾಬಾಯಿಗೆ ನ್ಯುಮೋನಿಯಾ ಬಂತು. ಎಂಟನೆಯ ದಿನ ಡಾಕ್ಟರು ತಲೆಯಾಡಿಸಿ ಹೋದರು. ಮಾಸ್ತರರು ದೇವರ ಮುಂದಿನ ತಾಮ್ರದ ತಂಬಿಗೆ ತಂದು, ಪೂಜೆಯ ಚಮಚ ಉದ್ಧರಣೆಯಲ್ಲಿ ನೀರು ತುಂಬಿ ಅವರ ತುಟಿಗೆ ಹಿಡಿದರು. ವಿಮಲಾಬಾಯಿ ಮುಖ ತಿರುಗಿಸಿದರು.

"ತಾಮ್ರದ್ದು ಬ್ಯಾಡ್ರಿ."

ಮಾಸ್ತರರು ಉದ್ಧರಣೆಯನ್ನು ತಂಬಿಗೆಯೊಳಗೆ ಬಿಟ್ಟರು.

"ಪ್ರೊಫೆಸರು ಹೋದ ದಿನನ ಬಂದೇಸಾಬಗ ಕೇಳಿದ್ನಿ, ಮಣ್ಣಿನ ಗಡಿಗಿನ ಯಾಕ ತರ್ತೀಯಪ್ಪಾ ಅಂತ. ತಾಮ್ರದಾಗ ಅವು ಸಾಯ್ತಾವ ಅಂದ." ಉಸಿರು ಎಳೆದುಕೊಂಡು ಮತ್ತೆ ಮಾತಾಡಿದರು. "ನೀವು ನನಗ ಮೊದಲ ಹೇಳಬೇಕಿತ್ತು. ಅವನ್ನ ಎಷ್ಟು ಮಡೀಲೆ ಎತ್ತಿಟ್ಟಿದ್ನಿ ಗೊತ್ತೇನು? ಮೂರು ಕೂಸು ಹೋದ್ವು, ನಾಕನೇ ಸಲ ಇವೂ ನನ್ನ ಕೈಯಾಗ ಹೋದ್ವು."

ಮಾಸ್ತರರು ಎದ್ದು ಹಿತ್ತಲಿಗೆ ಹೋದರು. ಹಳೆಯ ಗಡಿಗೆ ಅಲ್ಲೇ ಬೋರಲಾಗಿ ಬಿದ್ದಿತ್ತು. ಅದನ್ನು ಮೂರು ಸಲ ತೊಳೆದು, ಬಾವಿಯ ನೀರು ತುಂಬಿಕೊಂಡು ಒಳಗೆ ಬಂದು, ಬೊಗಸೆಯಿಂದ ಹೆಂಡತಿಗೆ ಕುಡಿಸಿದರು.