ಶಂಕರಪ್ಪನವರ ಫಿಯೆಟ್‌ನಲ್ಲಿ ಸಾಸಿವೆ ಸಿಡಿದದ್ದು

ಬಜಾಜ್ ನಗರದ ಶಂಕರಪ್ಪನವರಿಗೆ ಎರಡರ ಮೇಲೆ ಜಂಬ: ತಮ್ಮ ಹಳೆಯ ಫಿಯೆಟ್, ಮತ್ತು ತಮ್ಮ ಕಿವಿ. ಗದಗಿನಿಂದ ಆರ್ಡ್ನನ್ಸ್ ಫ್ಯಾಕ್ಟರಿಗೆ ಫಿಟರ್ ಆಗಿ ಬಂದವರು ನಿವೃತ್ತರಾದ ಮೇಲೂ ನಾಗಪುರದಲ್ಲೇ ಉಳಿದರು. ಇಗ್ನಿಷನ್ ಟೈಮಿಂಗನ್ನು, ಅಂದರೆ ಪೆಟ್ರೋಲಿಗೆ ಕಿಡಿ ತಾಗುವ ಗಳಿಗೆಯನ್ನು, ಉಳಿದವರು ದೀಪ ಹಿಡಿದು ಸರಿಪಡಿಸಿದರೆ ಇವರದು ಬರೀ ಕಿವಿಯ ಕೆಲಸ. ಓಡುತ್ತಿರುವ ಇಂಜಿನ್ನಿನ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ನಿಧಾನವಾಗಿ ತಿರುಗಿಸುವರು. ಕಿಡಿ ತೀರಾ ಬೇಗ ಬಂದು ಇಂಜಿನ್ ಸಣ್ಣಗೆ ಚಿಟಿಚಿಟಿ ಎಂದ ಕೂಡಲೇ ಕೂದಲೆಳೆಯಷ್ಟು ಹಿಂದಕ್ಕೆ ತಂದು ಬೋಲ್ಟ್ ಬಿಗಿಯುವರು. ಇದೆಲ್ಲ ನಡೆಯುತ್ತಿದ್ದದ್ದು ಅಡುಗೆಮನೆಯ ಕಿಟಕಿಯ ಕೆಳಗೆ. ಹೆಂಡತಿ ಭಾನುಮತಿಗೆ ಆ ಸದ್ದು ಒಗ್ಗರಣೆಯಷ್ಟೇ ಪರಿಚಿತ.

ಈ ಬೇಸಿಗೆಯಲ್ಲಿ ಕಾರು ಕೈಕೊಟ್ಟಿತು. ಸ್ಟಾರ್ಟ್ ಮಾಡಿದರೆ ಒದೆಯಿತು, ನೀರು ಕುದಿಸಿತು, ಏರಿನಲ್ಲಿ ಏದುಸಿರು ಬಿಟ್ಟಿತು. ಶಂಕರಪ್ಪ ಪಾಯಿಂಟ್ ಉಜ್ಜಿದರು, ಪ್ಲಗ್ ಬದಲಿಸಿದರು, ರೇಡಿಯೇಟರ್ ತೊಳೆದರು. ಟೈಮಿಂಗನ್ನೂ ಮತ್ತೆ ಮತ್ತೆ ಹೊಂದಿಸಿದರು. ಚಿಟಿಚಿಟಿ ಕೇಳುವುದನ್ನೇ ಕಾಯುತ್ತ ತಿರುಗಿಸಿದರು, ಇನ್ನಷ್ಟು ತಿರುಗಿಸಿದರು. ಕೇಳಲಿಲ್ಲ. ಈಗಿನ ಪೆಟ್ರೋಲೇ ಬೇರೆ ಎಂದುಕೊಂಡು ಬೋಲ್ಟ್ ಬಿಗಿದರು.

ಹಿಂಗಣಾದ ಮೆಕ್ಯಾನಿಕ್ ರಂಜನ್ ಬಾನೆಟ್ ಎತ್ತಿ, "ಕಾಕಾ, ಟೈಮಿಂಗ್ ದೇಖೂ ಕ್ಯಾ?" ಎಂದ.

"ವೋ ಮೇರಾ ಕಾಮ್ ಹೈ. ಬರೋಬರ್ ಹೈ." ಟೈಮಿಂಗ್ ನೋಡುವುದು ತಮ್ಮ ಕೆಲಸ, ಅದು ಸರಿಯಿದೆ ಎಂದು ಶಂಕರಪ್ಪ ಅವನನ್ನು ತಡೆದರು.

"ತೋ ಫಿರ್ ಇಂಜಿನ್ ಗಯಾ, ಕಾಕಾ."

ಇಂಜಿನ್ನೇ ಹೋಯಿತೆಂದ ಮೇಲೆ ಶಂಕರಪ್ಪ ಸೋಮವಾರ ಬಂದು ಒಯ್ಯಲು ಗುಜರಿಯವನಿಗೆ ಹೇಳಿದರು. ಆ ರಾತ್ರಿ ಊಟಕ್ಕೆ ಕುಳಿತವರು ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದರು.

ಮೊಣಕಾಲು ನೋವಿನಿಂದ ತಿಂಗಳುಗಟ್ಟಲೆ ಕಾರು ಹತ್ತದಿದ್ದ ಭಾನುಮತಿ ಶನಿವಾರ ಸೀರೆ ಬದಲಿಸಿ ಹೊರಬಂದರು. "ನಡೀರಿ, ಕನ್ಹಾನ್ ಹೊಳಿ ತನಕ ಹೋಗಿ ಬರೋಣು. ಕೊನೀ ಸಲ ಕೂಡ್ತೀನಿ."

ಅವರು ಎಂದಿನಂತೆ ಹಿಂದೆ ಕುಳಿತರು. ಮುಂದಿನ ಸೀಟು ಬೋಲ್ಟ್ ತಿರುಗಿಸುವ ಪಾನೆಗಳ ಚೀಲದ್ದು. ಮೇಲ್ಸೇತುವೆಯ ಏರು ಹತ್ತುವಾಗ ಭಾನುಮತಿ ಮುಂದಕ್ಕೆ ಬಾಗಿದರು.

"ರೀ, ಸಾಸಿವಿ ಸಿಡಿಯಾಕತ್ತೈತಿ."

"ಎಲ್ಲಿ?"

"ನಿಮ್ಮ ಇಂಜಿನ್ನಿನಾಗ! ಕೇಳವಲ್ದೇನು?"

ಶಂಕರಪ್ಪ ಆಕ್ಸಿಲರೇಟರಿನಿಂದ ಕಾಲು ಎತ್ತಿದರು. "ಈಗ?"

"ನಿಂತತು."

ಮತ್ತೆ ಒತ್ತಿದರು. "ಈಗ?"

"ಸಿಡೀತು ನೋಡ್ರಿ."

ಅವರಿಗೆ ಏನೂ ಕೇಳಿರಲಿಲ್ಲ. ಸದ್ದು ಕೇಳದೆ ಕಿಡಿಯನ್ನು ತಾವೇ ಮುಂದೆ ಮುಂದೆ ತಳ್ಳಿದ್ದು, ಕೆಟ್ಟದ್ದು ಇಂಜಿನ್ ಅಲ್ಲ ಎಂಬುದು, ಸೇತುವೆ ಇಳಿಯುವಷ್ಟರಲ್ಲಿ ಅವರಿಗೆ ತಿಳಿದಿತ್ತು.

ಬೇವಿನ ನೆರಳಲ್ಲಿ ನಿಲ್ಲಿಸಿ ಬೋಲ್ಟ್ ಸಡಿಲಿಸಿದರು. ಒಂದು ಕೈಯಿಂದ ಇಂಜಿನ್ ರೇಸ್ ಮಾಡುತ್ತ ಇನ್ನೊಂದರಿಂದ ಡಿಸ್ಟ್ರಿಬ್ಯೂಟರ್ ತಿರುಗಿಸಿದರು. ಭಾನುಮತಿ ಸೆರಗು ಹಿಡಿದು ಪಕ್ಕದಲ್ಲಿ ನಿಂತರು.

"ಇನ್ನೊಂಚೂರು ಹಿಂದ ತರ್ರಿ."

"ಫಿಟರ್ ನಾನೋ, ನೀನೋ?"

"ಫಿಟರ್ ನೀವಽ. ಕಿವಿ ಯಾರದು? ಸುಮ್ನ ತಿರುಗಸ್ರಿ... ಹಾಂ, ಬಸ್. ನಿಂತತು."

ಕನ್ಹಾನ್ ತಲುಪುವವರೆಗೆ ಎಲ್ಲೂ ನೀರು ಕುದಿಯಲಿಲ್ಲ. ಹಿಂತಿರುಗುವಾಗ ಅದೇ ಸೇತುವೆಯನ್ನು ಕಾರು ಗೊಣಗದೆ ಹತ್ತಿತು.

ಸೋಮವಾರ ಗುಜರಿಯವನು ಬಂದಾಗ ಮನೆಗೆ ಬೀಗವಿತ್ತು. ಗಂಡ ಹೆಂಡತಿ ಅದೇ ಕಾರಿನಲ್ಲಿ ಕಿವಿಯ ಡಾಕ್ಟರ ಬಳಿಗೆ ಹೊರಟಿದ್ದರು. ಪಾನೆಗಳ ಚೀಲ ಹಿಂದಿನ ಸೀಟಿನಲ್ಲಿತ್ತು.