ಬಣ್ಣ ಬಿಡದ ತೋಕಿತೋ

"ಚಿಗುಸಾ ಗಂಡ ಕಸ ಹಾಕೋಕೂ ಬಣ್ಣ ಬಳ್ಕೊಂಡೇ ಬರ್ತಾನಲ್ಲ," ಎಂದು ಜಪಾನಿನ ನಗೋಯಾದ ಆ ಗಲ್ಲಿಯವರು ನಗುತ್ತಿದ್ದರು. ವಿಜುವಲ್ ಕೇ ಎಂದು ಬಣ್ಣ ಬಳಿದು, ವೇಷ ಕಟ್ಟಿ ರಾಕ್ ನುಡಿಸುವ ಹಳೇ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ತೋಕಿತೋಗೆ ಅರವತ್ತಾದರೂ ಕಣ್ಣಿನ ಕಪ್ಪು, ತುಟಿಯ ನೇರಳೆ ತಪ್ಪಲಿಲ್ಲ. ನೆಗಡಿಯಾದರೆ ಮೂಗಿಗೆ ಮಾತ್ರ ರಿಯಾಯಿತಿ. ಬ್ಯಾಂಡಿನ ಉಳಿದವರೆಲ್ಲ ಎಂದೋ ಮುಖ ತೊಳೆದುಕೊಂಡಿದ್ದರು. "ನಾವಿನ್ನು ವಿಜುವಲ್ ಕೇ ಅಲ್ಲ ಕಣೋ ಮುದುಕ," ಎಂದು ಹಾಡುಗಾರ ಮಾಕಿ ಕಿಚಾಯಿಸಿದರೆ, "ನಾನೊಬ್ಬ ಹಚ್ಚಿರೋ ತನಕ ಹೌದು," ಎನ್ನುತ್ತಿದ್ದ. ತೋಕಿತೋ ತೀರಿಕೊಂಡ ಮೇಲೆ ಅವನ ಕಣ್ಣಿಗೆ ಕಪ್ಪು ತೀಡಲು ಕೂತ ಚಿಗುಸಾ ಎಡಗಣ್ಣಿನ ಗೆರೆಯನ್ನು ಎರಡು ಸಲ ಎಳೆದು ಒರೆಸಿದಳು. "ಕೊಡಿ ಅತ್ತಿಗೆ, ಎಡಗಣ್ಣು ಇವನಿಗೆ ಯಾವತ್ತೂ ನೆಟ್ಟಗೆ ಬರ್ತಿರ್ಲಿಲ್ಲ," ಎಂದು ಮಾಕಿಯೇ ಬೆರಳಿನಿಂದ ತೀಡಿದ. ಅದೇ ಬೆರಳಿನಿಂದ ತನ್ನ ಕಣ್ಣೀರೊರೆಸಿಕೊಂಡು, ಶವಪೆಟ್ಟಿಗೆಯ ಮುಂದಿನ ತುದಿ ಹಿಡಿದು, ಗೆಳೆಯನನ್ನು ಹೊಸಿಲು ದಾಟಿಸಿದ. ಮಾಕಿಯ ಕಣ್ಣ ಸುತ್ತ ಕಪ್ಪು ಹರಡಿದ್ದನ್ನು ಚಿಗುಸಾ ನೋಡಿದಳು, ಒರೆಸಿಕೊಳ್ಳಿ ಎನ್ನಲಿಲ್ಲ.