ಅಜ್ಜಿ ಎಣಿಸಿದ ಬೀದಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮದ್ರಾಸಿನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಾಗ ನಗರ ವಿನ್ಯಾಸ ಎಂಬ ಹೊಸ ಪಾಠ ಬಂತು. ಅಲ್ಲಿಯವರೆಗೆ ಮನೆ, ಶಾಲೆ ಎಂದು ಒಂದೊಂದೇ ಕಟ್ಟಡ ಬರೆಯುತ್ತಿದ್ದ ನಮಗೆ ಪ್ರೊಫೆಸರು ಮೊದಲ ದಿನವೇ ಕಟ್ಟಡಗಳನ್ನು ಮರೆತುಬಿಡಿ ಎಂದರು. ಜನ ಎಲ್ಲಿ ನಡೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಂದು ನೋಡುವುದೇ ಈ ವಿದ್ಯೆಯ ಅಆಇಈ ಅಂತೆ. ಒಬ್ಬೊಬ್ಬರೂ ಒಂದು ಬೀದಿ ಆರಿಸಿಕೊಳ್ಳಬೇಕು. ಒಂದು ವಾರ, ದಿನಾ ಸಂಜೆ ಎರಡು ಗಂಟೆ ಒಂದೇ ಕಡೆ ಕೂತು ಹೋಗಿಬರುವವರನ್ನು ಎಣಿಸಬೇಕು. ಯಾರಾದರೂ ನಿಂತರೆ ನಿಂತ ಜಾಗಕ್ಕೆ ನಕ್ಷೆಯಲ್ಲಿ ಚುಕ್ಕೆ ಇಡಬೇಕು.

ನಾನು ದೂರ ಹೋಗಲಿಲ್ಲ. ವೆಸ್ಟ್ ಮಾಂಬಲಂನಲ್ಲಿ ನಮ್ಮ ಮನೆಯಿಂದ ಸ್ಟೇಷನ್ನಿಗೆ ಹೋಗುವ ಬೀದಿಯನ್ನೇ ಆರಿಸಿಕೊಂಡೆ. ಆದರೆ ರೈಲ್ವೆ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ, ಮಗಳು ಬರೆಯುವ ಹಲಗೆ ಹಿಡಿದು ಬೀದಿಯಲ್ಲಿ ಗಂಡಸರನ್ನು ಎಣಿಸುವುದು ಸರಿಕಾಣಲಿಲ್ಲ. ಕೊನೆಗೆ ಅಜ್ಜಿ ಜೊತೆಗಿದ್ದರೆ ಆಗಬಹುದು ಎಂದು ತೀರ್ಮಾನವಾಯಿತು.

ಅಪ್ಪನ ತಾಯಿಯಾದ ಈ ಅಜ್ಜಿ ಕೋಲಾರದ ಕಡೆಯವಳು. ಮದುವೆಯಾಗಿ ಮದ್ರಾಸಿಗೆ ಬಂದ ಮೇಲೆ ಅವಳ ಕನ್ನಡದೊಳಕ್ಕೆ ಅರ್ಧಕ್ಕರ್ಧ ತಮಿಳು ಬಂದು ಸೇರಿತ್ತು. ಬೀದಿಗೆ ಅವಳು ತೆರು ಎಂದೇ ಹೇಳುತ್ತಿದ್ದಳು. ಕಾಫಿಪುಡಿ ಅಂಗಡಿಯ ಜಗಲಿಯ ಮೇಲೆ ಮಡಿಸಿದ ಜಮಖಾನ ಹಾಕಿಕೊಂಡು ಕೂತು, ಇದನ್ನು ಕಲಿಸೋದಕ್ಕೂ ಒಂದು ಕಾಲೇಜು ಬೇಕಾಯಿತಾ ಎಂದು ಅಂಗಡಿಯವರನ್ನು ಕೇಳಿದಳು. ಅವರಿಗೂ ಗೊತ್ತಿರಲಿಲ್ಲ.

ಮೂರು ದಿನ ನಾನೇ ಎಣಿಸಿದೆ. ನಾಲ್ಕನೆಯ ದಿನ ಜ್ವರ ಬಂದು ಮಲಗಿದೆ. ಅಜ್ಜಿ, ತಲೆಗೊಂದು ಗೀಟು ಎಳೆಯೋದು ತಾನೇ, ನಾನೇ ಎಳೀತೀನಿ ಎಂದು ಹಲಗೆ ತೆಗೆದುಕೊಂಡು ಹೊರಟಳು. ನಾನು ಏಳುವ ಹೊತ್ತಿಗೆ ವಾರ ಮುಗಿದಿತ್ತು, ಮರುದಿನ ಬೆಳಿಗ್ಗೆ ನಕ್ಷೆ ಒಪ್ಪಿಸಬೇಕಿತ್ತು. ಅಜ್ಜಿಯ ಕಾಗದ ನೋಡಿದರೆ ಗುರುವಾರ ಇಡೀ ಸಂಜೆಗೆ ಹತ್ತೊಂಬತ್ತು ಗೀಟು, ಶುಕ್ರವಾರ ಹನ್ನೆರಡು. ಒಂದು ಎಲೆಕ್ಟ್ರಿಕ್ ರೈಲು ಬಂದು ನಿಂತರೆ ಸಾಕು, ಆ ಬೀದಿಯಲ್ಲಿ ಅದರ ಹತ್ತರಷ್ಟು ಜನ ಇರುತ್ತಿದ್ದರು.

"ಅಜ್ಜಿ, ಮಿಕ್ಕವರೆಲ್ಲ ಎಲ್ಲಿ?"

"ಗೊತ್ತಿರೋರನ್ನ ಯಾಕೆ ಎಣಿಸ್ಬೇಕು? ಅವರೆಲ್ಲ ನಮ್ಮ ತೆರುವೋರು. ಹೊರಗಿನೋರಿಗೆ ಮಾತ್ರ ಗೀಟು ಹಾಕಿದೀನಿ."

"ಶುಕ್ರವಾರ ಬರೀ ಹನ್ನೆರಡು?"

"ಹದಿಮೂರನೆಯೋನು ನನ್ನ ಗುರಾಯಿಸ್ಕೊಂಡು ಹೋದ. ಅವನನ್ನ ಸೇರಿಸ್ಲಿಲ್ಲ."

ಚುಕ್ಕೆಗಳನ್ನು ಮಾತ್ರ ಅವಳು ಧಾರಾಳವಾಗಿ ಇಟ್ಟಿದ್ದಳು. ಕಾಫಿಪುಡಿ ಅಂಗಡಿಯ ಮುಂದೆ ಇಂಕು ಚೆಲ್ಲಿದಂತೆ ಕಪ್ಪಗಾಗಿತ್ತು. ಬೇರೆ ದಾರಿಯಿಲ್ಲದೆ ಹಾಗೆಯೇ ಒಪ್ಪಿಸಿದೆ.

ಪ್ರೊಫೆಸರು ಸಂಖ್ಯೆಗಳ ಮೇಲೆ ಕಣ್ಣೇ ಹಾಯಿಸಲಿಲ್ಲ. ಆ ಕಪ್ಪನ್ನೇ ನೋಡಿದರು. ಅಲ್ಲಿ ದೇವಸ್ಥಾನ ಇದೆಯಾ, ಕೊಳಾಯಿ ಇದೆಯಾ, ಬಸ್ಸು ನಿಲ್ಲುತ್ತಾ ಎಂದು ಒಂದೊಂದಾಗಿ ಕೇಳಿದರು. ಯಾವುದೂ ಇಲ್ಲ ಎಂದೆ. ಇಷ್ಟು ಜನ ಸುಮ್ಮಸುಮ್ಮನೆ ನಿಲ್ಲುವ ಜಾಗವನ್ನು ತಾವು ನೋಡಲೇಬೇಕು ಎಂದು ಅವತ್ತೇ ಸಂಜೆ ನನ್ನ ಜೊತೆ ಬಂದುಬಿಟ್ಟರು.

ವಾರ ಮುಗಿದದ್ದು ಅಜ್ಜಿಗೆ ಲೆಕ್ಕವೇ ಇರಲಿಲ್ಲ. ಜಗಲಿಯ ಮೇಲೆ ಕೂತಿದ್ದಳು, ಸುತ್ತ ಎಂಟು ಮಂದಿ ನಿಂತಿದ್ದರು. ಒಬ್ಬಾಕೆ ಸೊಸೆಯ ಬಾಣಂತನದ ಸುದ್ದಿ ಹೇಳುತ್ತಿದ್ದಳು, ಇನ್ನೊಬ್ಬರು ಚೀಲ ಕೆಳಗಿಟ್ಟು ಕೇಳುತ್ತಿದ್ದರು. ಪ್ರೊಫೆಸರನ್ನು ಕಂಡದ್ದೇ ಅಜ್ಜಿ ತಮಿಳಿನಲ್ಲಿ ಕೂರಲು ಹೇಳಿ, ಯಾವ ಊರು, ಮಕ್ಕಳೆಷ್ಟು, ಇಷ್ಟೊಂದು ಯಾಕೆ ಇಳಿದುಹೋಗಿದ್ದೀರಿ ಎಂದು ವಿಚಾರಿಸಿದಳು. ಅವರು ಮುಕ್ಕಾಲು ಗಂಟೆ ಕೂತರು. ತಮ್ಮ ಅಜೀರ್ಣದ ವಿಷಯವನ್ನೂ ಹೇಳಿಕೊಂಡು ಓಮದ ಕಷಾಯ ಮಾಡುವ ಕ್ರಮ ತಿಳಿದುಕೊಂಡರು. ನಾನು ನಾಚಿಕೆಯಿಂದ ಕಾಫಿಪುಡಿಯ ಡಬ್ಬಗಳನ್ನು ನೋಡುತ್ತಾ ನಿಂತಿದ್ದೆ.

ಸ್ಟೇಷನ್ನಿಗೆ ಬಿಡಲು ಹೋದಾಗ ಪ್ರೊಫೆಸರು ಟಿಕೆಟ್ ಕಿಟಕಿಯ ಹತ್ತಿರ ಹೇಳಿದರು: "ನೀನು ಅಳೆದದ್ದು ಬೀದಿಯನ್ನಲ್ಲಮ್ಮ, ನಿಮ್ಮ ಅಜ್ಜಿಯನ್ನು. ಇನ್ನೊಂದು ವಾರ ಎಣಿಸು. ಯಾರಿಗೂ ಕಾಣದ ಹಾಗೆ ಕೂತ್ಕೋ."

ಎದುರು ಮಹಡಿಯ ಟೈಲರ್ ಅಂಗಡಿಯ ಕಿಟಕಿಯಿಂದ ಎಣಿಸಿದೆ; ಅಪ್ಪನ ಷರತ್ತಿನಂತೆ ಅಜ್ಜಿಯ ಬದಲು ಅಮ್ಮ ಪಕ್ಕದಲ್ಲಿ ಕೂತು ಹುರುಳಿಕಾಯಿ ಸೋಸಿದಳು. ಅಜ್ಜಿಯನ್ನು ಆ ವಾರ ಮನೆಯಲ್ಲೇ ಉಳಿಸಿಕೊಳ್ಳುವುದಕ್ಕೆ ಸಾಕುಸಾಕಾಯಿತು. ಸಾವಿರಾರು ತಲೆ ಸಿಕ್ಕವು. ಕಾಫಿಪುಡಿ ಅಂಗಡಿಯ ಮುಂದೆ ಮಾತ್ರ ಚುಕ್ಕೆಗಳು ಮಾಯ. ಜನ ತಲೆ ತಗ್ಗಿಸಿ ರೈಲಿಗೆ ಓಡುತ್ತಿದ್ದರು. ಕೆಲವರು ಖಾಲಿ ಜಗಲಿಯ ಕಡೆ ಒಮ್ಮೆ ನೋಡಿ ಮುಂದೆ ಹೋದರು. ಅದನ್ನು ನಕ್ಷೆಯಲ್ಲಿ ಹೇಗೆ ತೋರಿಸಬೇಕೋ ನನಗೆ ಗೊತ್ತಾಗಲಿಲ್ಲ.

ಎರಡನೆಯ ನಕ್ಷೆಗೆ ಒಳ್ಳೆಯ ಅಂಕ ಬಂತು. ಆದರೆ ಪ್ರೊಫೆಸರು ಮುಂದಿನ ವರ್ಷದವರಿಗೆ ತೋರಿಸಲು ಇಟ್ಟುಕೊಂಡದ್ದು ಮೊದಲನೆಯದನ್ನು. ಹೀಗೆ ಮಾಡಬಾರದು ಎನ್ನುವುದಕ್ಕೋ, ಹೀಗೆ ಮಾಡಬೇಕು ಎನ್ನುವುದಕ್ಕೋ, ಕೇಳುವ ಧೈರ್ಯ ನನಗಾಗಲಿಲ್ಲ.

ಎರಡನೆಯ ಎಣಿಕೆ ಮುಗಿದ ಸೋಮವಾರವೇ ಕಾಫಿಪುಡಿ ಅಂಗಡಿಯವರು ಮನೆಗೆ ಬಂದು, ಪಾಟಿ, ಅಂದರೆ ನಮ್ಮ ಅಜ್ಜಿ, ಬರದೆ ಅಂಗಡಿ ಬಿಕೋ ಎನ್ನುತ್ತಿದೆ ಎಂದರು. ಕಾಲೇಜಿನ ಕೆಲಸ ಮುಗಿಯಿತಲ್ಲ ಎಂದು ಅಪ್ಪ ರಾಗ ಎಳೆದರು. "ಮುಗಿದಿದ್ದು ಅವಳ ಕೆಲಸ" ಎಂದ ಅಜ್ಜಿ ಜಮಖಾನ ಕಂಕುಳಲ್ಲಿ ಇಟ್ಟುಕೊಂಡು ಅವರ ಹಿಂದೆಯೇ ಹೊರಟುಬಿಟ್ಟಳು.